ಮೂರು ಭಾಷೆಯ ಒಂದು ಸಾಕ್ಷಿ

ನನ್ನ ಬಲಗೈ ಹೆಬ್ಬೆರಳು ನನ್ನ ಮಾತು ಕೇಳುವುದನ್ನು ಬಿಟ್ಟು ಬಹಳ ದಿನವಾಯಿತು. ಉಳಿದ ಒಂಬತ್ತು ಬೆರಳುಗಳು ಹೇಳಿದಷ್ಟು ಕೆಲಸ ಮಾಡಿ ಸುಮ್ಮನಿರುತ್ತವೆ. ಇದಕ್ಕೆ ಮಾತ್ರ ನಿಂತಲ್ಲಿ ನಿಲ್ಲಲಾಗದು. ಒಗ್ಗರಣೆ ಚಟಗುಟ್ಟುವಾಗ, ಬಸ್ಸಿಗೆ ಕಾಯುವಾಗ, ಮಂಗಳಾರತಿಗೆ ಕಣ್ಣು ಮುಚ್ಚಿ ನಿಂತಾಗಲೂ ಅದು ಫೋನಿನ ಗಾಜಿಗಾಗಿ ಚಡಪಡಿಸುತ್ತದೆ. ಗಾಜಿನ ಮೇಲೆ ಏನಾದರೂ ಬಂತೋ, ಅದನ್ನು ಇನ್ನೊಬ್ಬರಿಗೆ ದಾಟಿಸುವವರೆಗೆ ನನಗೆ ನೆಮ್ಮದಿಯಿಲ್ಲ. ಹಬ್ಬದ ಹೋಳಿಗೆಯನ್ನು ಪಕ್ಕದ ಮನೆಗೆ ಕೊಡದೆ ತಿನ್ನಬಾರದು ಎಂದು ಅಮ್ಮ ಕಲಿಸಿದ್ದಳು. ಆ ಸಂಸ್ಕಾರ ಹೀಗೆ ದಾರಿ ತಪ್ಪೀತೆಂದು ಪಾಪ ಅವಳಿಗೇನು ಗೊತ್ತು? ಬೇತಮಂಗಲದ ನೀರು ನಾಳೆ ನಲ್ಲಿಗೆ ಬರುತ್ತದೆ ಎಂಬ ಸುದ್ದಿಯಿಂದ ಹಿಡಿದು, ಕರಿಬೇವು ತಿಂದರೆ ಕನ್ನಡಕ ಕಳಚಿಡಬಹುದು ಎಂಬ ಸುದ್ದಿಯವರೆಗೆ ಎಲ್ಲವನ್ನೂ ದಾಟಿಸಿದ್ದೇನೆ. ಕರಿಬೇವನ್ನು ಆರು ತಿಂಗಳು ತಿಂದೆ. ಇದನ್ನು ಕನ್ನಡಕ ಹಾಕಿಕೊಂಡೇ ಬರೆಯುತ್ತಿದ್ದೇನೆ.

ಇಂಥ ನನ್ನನ್ನು, ಫೋನಿನಲ್ಲಿ ಬಂದದ್ದನ್ನೆಲ್ಲ ನಂಬಬಾರದು ಎಂದು ಮಕ್ಕಳಿಗೆ ಕಲಿಸಲು ಆರಿಸಿದರು ನೋಡಿ, ಅಲ್ಲಿಂದ ಶುರುವಾಯಿತು ಫಜೀತಿ. ನಾನು ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಮಕ್ಕಳ ಬಾಯಲ್ಲಿ ಸೋಷಿಯಲ್ ಮಿಸ್ಸು. ನಾನು ಆ ಪಾಠಕ್ಕೆ ಯೋಗ್ಯಳೆಂದೇನೂ ಆರಿಸಿದ್ದಲ್ಲ. ಸ್ಟಾಫ್ ರೂಮಿನಲ್ಲಿ ಅತಿ ಹೆಚ್ಚು ಹೊತ್ತು ಫೋನು ಹಿಡಿದು ಕೂರುವವಳು ನಾನೇ ಎಂಬುದು ಹೆಡ್‌ಮಾಸ್ಟರ ಕಣ್ಣಿಗೆ ಬಿದ್ದಿತ್ತು. ಒಂದು ಶನಿವಾರ ಬಂಗಾರಪೇಟೆಯಲ್ಲಿ ಇಡೀ ದಿನದ ತರಬೇತಿ. ಬಂಗಾರಪೇಟೆ ನನ್ನ ತವರು. ಹಾಗಾಗಿ ತರಬೇತಿಗಿಂತ ಅಣ್ಣನ ಮನೆಯ ಕಾಫಿಯ ಆಸೆಗೇ ಒಪ್ಪಿಕೊಂಡೆ ಅಂದರೂ ಸರಿ.

ತರಬೇತಿ ಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿಯಷ್ಟು ವಯಸ್ಸಿನವನು. ಚೆನ್ನಾಗಿ ಹೇಳಿದ. “ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಕಾಲ ಹೋಯ್ತು ಮೇಡಂ, ಈಗ ಎತ್ತು ಈಯಿತು ಅಂದ್ರೆ ಹತ್ತು ಗ್ರೂಪಿಗೆ ಕಳಿಸ್ತೀವಿ” ಅಂದಾಗ ಎಲ್ಲರೂ ನಕ್ಕೆವು. ಯಾವ ಸುದ್ದಿ ಬಂದರೂ ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕಂತೆ. ಹೇಳಿದವರು ಯಾರು? ಯಾವಾಗ ಹೇಳಿದ್ದು? ಅವರಿಗೆ ಹೇಗೆ ಗೊತ್ತು? ಹೇಳುವುದರಿಂದ ಅವರಿಗೇನು ಲಾಭ? ನಾನು ನಾಲ್ಕನ್ನೂ ದುಂಡಗೆ ಬರೆದು ಕೆಳಗೆ ಕೆಂಪು ಗೆರೆ ಎಳೆದೆ. ಮಧ್ಯಾಹ್ನದ ಚಿತ್ರಾನ್ನ ಉಂಡು, ಸಂಜೆ ಪ್ರಮಾಣಪತ್ರ ತೆಗೆದುಕೊಂಡು ಕೆ.ಜಿ.ಎಫ್. ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟೂ ಸಿಕ್ಕಿತು.

ಊರು ದಾಟುವ ಮೊದಲೇ ಫೋನು ಟಿಣ್ ಅಂದಿತು. ಶಾಲೆಯ ಗಣಿತದ ಮೇಷ್ಟ್ರು ಕಳಿಸಿದ ಕನ್ನಡದ ಮೆಸೇಜು: ‘ಎಚ್ಚರ! ಮೈಸೂರು ಮೈನ್ಸ್ ಗುಡ್ಡದ ಕಡೆಯ ಹಳ್ಳಿಗಳ ಹಾಲು ಕುಡಿಯಬೇಡಿ. ಸೈನೈಡ್ ನೀರು ಕುಡಿದು ಹಸುಗಳು ಸಾಯುತ್ತಿವೆ.’ ಕೆಳಗೊಂದು ಫೋಟೋ. ಕಾಲು ಚಾಚಿ ಬಿದ್ದ ಕಪ್ಪು ಬಿಳುಪು ಹಸು, ಹಿಂದೆ ನಮ್ಮ ಬೂದು ಬಣ್ಣದ ಸೈನೈಡ್ ಗುಡ್ಡ, ಅಂದರೆ ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಪುಡಿಮಣ್ಣಿನ ರಾಶಿ. ಹೆಬ್ಬೆರಳು ಮೇಲೆದ್ದಿತು, ಆದರೂ ತಡೆದುಕೊಂಡೆ. ಕೆಂಪು ಗೆರೆಯ ಶಾಯಿ ಇನ್ನೂ ಆರಿರಲಿಲ್ಲ ತಾನೆ? ಹತ್ತು ನಿಮಿಷಕ್ಕೆ ಅದೇ ಸುದ್ದಿ ತಮಿಳಿನಲ್ಲಿ ಬಂತು, ನನ್ನ ಬ್ಲೌಸ್ ಹೊಲಿಯುವ ಟೈಲರಮ್ಮನಿಂದ. ಇನ್ನೈದು ನಿಮಿಷಕ್ಕೆ ತೆಲುಗಿನಲ್ಲಿ, ಗಡಿಯಾಚೆಯ ಊರಿನವಳಾದ ನನ್ನ ಓರಗಿತ್ತಿಯಿಂದ.

ಇಲ್ಲಿ ನಮ್ಮೂರಿನ ಒಂದು ಗುಟ್ಟು ಹೇಳಬೇಕು. ಕೆ.ಜಿ.ಎಫ್.ನಲ್ಲಿ ಮೂರು ಭಾಷೆ ಬಾರದವನು ತರಕಾರಿ ಕೊಳ್ಳಲಾರ. ಒಂದೇ ಬೀದಿಯಲ್ಲಿ ಜಗಳ ತಮಿಳಿನಲ್ಲಿ, ಚೌಕಾಸಿ ತೆಲುಗಿನಲ್ಲಿ, ಅರ್ಜಿ ಕನ್ನಡದಲ್ಲಿ. ಮೂರು ಭಾಷೆಯವರಿಗೆ ಮೂರು ಹಬ್ಬ, ಮೂರು ಬಗೆಯ ಸಾರು, ರಾಜಕೀಯವಂತೂ ಕೇಳಲೇಬೇಡಿ. ಹೀಗಾಗಿ ಮೂವರೂ ಒಂದು ವಿಷಯ ಒಪ್ಪಿದರೆಂದರೆ ಅದು ಸತ್ಯವೇ ಇರಬೇಕು ಎಂಬ ನಂಬಿಕೆ ನಮ್ಮ ರಕ್ತದಲ್ಲಿದೆ. ನೀರು ಬಂತು ಎಂದು ಕನ್ನಡದವರು ಕೂಗಿದರೆ ಕೊಡ ಹುಡುಕುತ್ತೇವೆ, ತಮಿಳಿನವರೂ ಕೂಗಿದರೆ ಕೊಡ ಎತ್ತುತ್ತೇವೆ, ತೆಲುಗಿನವರೂ ಕೂಗಿದರೆ ಓಡುತ್ತೇವೆ. ಬೇರೆ ಊರಿನವರಾದರೆ ಒಂದೇ ಭಾಷೆಯಲ್ಲಿ ಮೋಸ ಹೋಗಿ ಸುಮ್ಮನಾಗುತ್ತಿದ್ದರು. ನಾನು ಮೂರು ಸಾಕ್ಷಿ ಸಿಕ್ಕಿತೆಂದುಕೊಂಡೆ. ಬಸ್ಸು ರಾಬರ್ಟ್‌ಸನ್‌ಪೇಟೆ ಮುಟ್ಟುವಷ್ಟರಲ್ಲಿ ನಮ್ಮ ಬೀದಿಯ ಗುಂಪಿಗೆ ಮೂರನ್ನೂ ಕಳಿಸಿದ್ದೆ. ಕೆಳಗೆ ‘ಪರಿಶೀಲಿಸಿಲ್ಲ, ಆದರೂ ಎಚ್ಚರ ಒಳ್ಳೆಯದು’ ಎಂದು ನನ್ನದೊಂದು ಸಾಲು. ನನ್ನ ತೊಡೆಯ ಮೇಲೆ ತರಬೇತಿಯ ಪ್ರಮಾಣಪತ್ರವಿತ್ತು.

ಆ ಗುಂಪಿನಲ್ಲಿ ಮೇಡಂ ಹೇಳಿದರೆಂದರೆ ಮುಗಿಯಿತು. ನಮ್ಮ ಬೀದಿಗೆ ಹಾಲು ಹಾಕುವವಳು ಮುನಿಯಮ್ಮ. ಗುಡ್ಡದ ಆಚೆಯ ಹಳ್ಳಿಯವಳು. ಹನ್ನೆರಡು ವರ್ಷದಿಂದ ನಮ್ಮದು ಅವಳ ವರ್ತನೆ ಮನೆ; ಹಾಗೆಂದರೆ ದಿನಾ ತಪ್ಪದೆ ಹಾಲು ಹಾಕಿಸಿಕೊಳ್ಳುವ ಮನೆ. ಬೀದಿಯಲ್ಲಿ ಅಂಥ ಹದಿನಾಲ್ಕು ಮನೆಗಳು. ಭಾನುವಾರ ಬೆಳಿಗ್ಗೆ ಒಂದೊಂದೇ ಬಾಗಿಲು ಅವಳಿಗೆ ಬೇಡ ಅಂದಿತು. ನಾನೂ ಅಂದೆ, ಅದೂ ಸುಳ್ಳು ಹೇಳಿ. “ಊರಿಗೆ ಹೋಗ್ತಿದ್ದೀವಿ ಮುನಿಯಮ್ಮ, ನಾಲ್ಕು ದಿನ ಬೇಡ” ಅಂದು ಬಾಗಿಲ ಹಿಂದೆ ನಿಂತೆ. ಸೋಮವಾರ ಅವಳು ಬಾಗಿಲು ತಟ್ಟಿದಾಗ ಊರಿಗೆ ಹೋಗದ ನಾನು ಸಿಕ್ಕಿಬಿದ್ದೆ. ಅವಳು ಅದನ್ನು ಕೇಳಲೂ ಇಲ್ಲ.

“ಯಾಕಮ್ಮ, ನಮ್ಮಾಲು ಏನ್ ಮಾಡ್ತು? ಡೈರಿನೋರೂವೆ ಎರಡು ದಿನ ತಡೀರಿ ಅಂತವ್ರೆ” ಅಂದಳು. “ಇಂಗೇ ಆದ್ರೆ ಈದಿರೋ ಅಸಾನ ಶುಕ್ರವಾರದ ಸಂತೆಗೆ ಒಡ್ಕೊಂಡೋಗೋದೇಯ. ಮೇವು ಆಕಿ ಆಲು ಚೆಲ್ಲಕ್ಕಾಯ್ತದಾ?”

ತುಂಬಿದ ಕ್ಯಾನು ಹಾಗೇ ವಾಪಸು ಹೋಯಿತು. ಅದು ಹೋಗುವ ಸದ್ದು ಬೀದಿಯ ತಿರುವಿನವರೆಗೂ ಕೇಳಿಸಿತು.

ಅಂದೇ ನನ್ನ ಮೊದಲ ಪಾಠ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅನ್ನುವುದಕ್ಕೆ ನನಗಿಂತ ಒಳ್ಳೆಯ ಉದಾಹರಣೆ ಆ ದಿನ ತಾಲ್ಲೂಕಿನಲ್ಲಿ ಇರಲಿಲ್ಲ. ಬೋರ್ಡಿನ ಮೇಲೆ ನಾಲ್ಕು ಪ್ರಶ್ನೆ ಬರೆದು, ವಿವರಿಸಿ, ಗೂಗಲ್ಲಿನಲ್ಲಿ ಮೊದಲು ಬಂದದ್ದೆಲ್ಲ ಮೊದಲ ದರ್ಜೆಯದಲ್ಲ ಎಂದೆಲ್ಲ ಚೆನ್ನಾಗಿಯೇ ಹೇಳಿದೆ. ಒಂಬತ್ತನೇ ತರಗತಿಯ ನಾಗವೇಣಿ ಎದ್ದು ನಿಂತಳು. ಮುನಿಯಮ್ಮನ ಮಗಳು. ಮೂರನೇ ಬೆಂಚಿನ, ಕೇಳಿದರೆ ಮಾತ್ರ ಮಾತಾಡುವ ಹುಡುಗಿ.

“ಮಿಸ್, ಆ ಆಲಿನ ಮೆಸೇಜು ಸುಳ್ಳು. ಫೋಟೋದಾಗಿರೋದು ನಮ್ಮ ಅಸ. ಅದು ಸತ್ತಿಲ್ಲ.”

ತರಗತಿ ತಿರುಗಿ ನನ್ನನ್ನು ನೋಡಿತು. ಆಗ ನಾನು ಮಾಡಿದ್ದನ್ನು ನೆನೆದರೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ, ಎದ್ದು ಒಂದು ಸುತ್ತು ಅಡ್ಡಾಡಿ ಬರುತ್ತೇನೆ. ಕೋಲೆತ್ತಿ ಬೋರ್ಡಿನ ನಾಲ್ಕನೇ ಪ್ರಶ್ನೆ ತೋರಿಸಿದೆ. “ನೋಡಿ ಮಕ್ಕಳೇ, ನಾಗವೇಣಿ ಮನೆಯವರು ಹಾಲು ಮಾರುತ್ತಾರೆ. ಹಾಲು ಸರಿಯಾಗಿದೆ ಎಂದರೆ ಅವರಿಗೆ ಲಾಭ. ಹಾಗಾಗಿ ಅವಳ ಮಾತನ್ನು ನಾವು ಸ್ವಲ್ಪ ಹುಷಾರಾಗಿ ತಗೋಬೇಕು.” ಎಷ್ಟು ಅಚ್ಚುಕಟ್ಟು! ಹಿಂದಿನ ಬೆಂಚಿನಲ್ಲಿ ನಗು ಎದ್ದಿತು. ನಾಗವೇಣಿ ಕೂತಳು. ನಾನು ಎಲ್ಲರಿಗೂ ಹೋಂವರ್ಕ್ ಕೊಟ್ಟೆ: ಫೋನಿನಲ್ಲಿ ಬಂದ ಯಾವುದಾದರೊಂದು ಸುದ್ದಿ ಹಿಡಿದು, ಅದು ನಿಮ್ಮವರೆಗೆ ಹೇಗೆ ಬಂತೆಂದು ಹಿಂದಕ್ಕೆ ಹೋಗಿ ಹುಡುಕಿ, ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ.

ಸಂಜೆಯೆಲ್ಲ ಮನಸ್ಸಿಗೆ ಚೇಳು ಕುಟುಕಿದ ಹಾಗಿತ್ತು. ಟಿ.ವಿ. ಹಾಕಿದೆ, ಆರಿಸಿದೆ. ಒಗೆದ ಬಟ್ಟೆಯನ್ನೇ ಮತ್ತೆ ಮಡಚಿದೆ. ಯಜಮಾನರು “ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯಾ?” ಅಂದರು. ನಮ್ಮ ಹಿಂದಿನ ತಾರ್ಕಿಕರು ತಿಳಿವಿಗೆ ನಾಲ್ಕು ದಾರಿ ಹೇಳಿದ್ದಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಕಟ್ಟಕಡೆಗೆ ಶಬ್ದ. ಶಬ್ದ ಎಂದರೆ ಆಪ್ತರ ಮಾತು. ಆಪ್ತನೆಂದರೆ ಕಂಡದ್ದನ್ನು ಕಂಡ ಹಾಗೆ ಹೇಳುವವನು. ನನ್ನ ಫೋನಿನಲ್ಲಿ ಆಪ್ತರೆಂದರೆ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಜೊತೆ ಶುಭೋದಯ ಕಳಿಸುವವರು. ಕಣ್ಣಾರೆ ಕಂಡ ಹುಡುಗಿಯನ್ನು ಕೂರಿಸಿ, ಗುಲಾಬಿ ಹೂವಿನವರನ್ನು ನಂಬಿದ್ದೆ. ಅಷ್ಟಾದರೂ ಸುಮ್ಮನಿರಲಾರದ ಮನಸ್ಸು ವಾದ ಮಾಡುತ್ತಿತ್ತು: ಗುಡ್ಡದ ದೂಳು ಒಳ್ಳೆಯದೇನಲ್ಲ, ಗಾಳಿ ಬೀಸಿದ ದಿನ ಒಣಹಾಕಿದ ಸೀರೆಯ ಮೇಲೆ ಬಿಳಿಯಾಗಿ ಕೂರುವುದನ್ನು ನಾನೇ ನೋಡಿದ್ದೇನೆ, ಹಸು ಸತ್ತರೂ ಸತ್ತಿರಬಹುದು! ಪೂರ್ತಿ ಸುಳ್ಳನ್ನು ನಾನು ಬೇಗ ನಂಬುವುದಿಲ್ಲ. ಬೆನ್ನ ಹಿಂದೆ ಒಂದು ನಿಜದ ಗುಡ್ಡವಿದ್ದರೆ ಮಾತ್ರ ನಂಬುತ್ತೇನೆ.

ಮಂಗಳವಾರ ಹೋಂವರ್ಕ್ ಬಂತು. ಬೇರೆ ಮಕ್ಕಳದು ಇದ್ದದ್ದೇ; ಅರ್ಧ ತರಗತಿ ಇಂಟರ್‌ನೆಟ್ ನಂಬಬಾರದು ಎಂಬುದನ್ನು ಇಂಟರ್‌ನೆಟ್ಟಿನಿಂದಲೇ ನಕಲು ಮಾಡಿತ್ತು. ನಾಗವೇಣಿಯದು ಒಂದೇ ಪುಟ. ಅವಳು ಅಮ್ಮನ ಜೊತೆ ನಮ್ಮ ಬೀದಿಗೆ ಬಂದು, ಹಾಲು ನಿಲ್ಲಿಸಿದ ಮನೆಗಳಲ್ಲಿ ಕೇಳಿಕೊಂಡು ಹೋಗಿದ್ದಳು. ಅದನ್ನು ಇದ್ದ ಹಾಗೇ ಬರೆಯುತ್ತೇನೆ.

‘ಸುದ್ದಿ: ಹಾಲು ಕುಡಿಯಬಾರದು. ಬೀದಿಗೆ ಕಳಿಸಿದವರು: ಸೋಷಿಯಲ್ ಮಿಸ್. ಯಾವಾಗ: ಶನಿವಾರ ಸಂಜೆ. ಅವರಿಗೆ ಹೇಗೆ ಗೊತ್ತು: ಗೊತ್ತಿಲ್ಲ. ಅವರಿಗೇನು ಲಾಭ: ಏನೂ ಇಲ್ಲ. ಮೂರು ಭಾಷೆಯಲ್ಲಿ ಬಂದಿದೆ, ಆದರೆ ಫೋಟೋ ಒಂದೇ. ಮೂರರಲ್ಲೂ ಪಕ್ಕದಲ್ಲಿ ನಮ್ಮ ನೀಲಿ ಬಿಂದಿಗೆ ಇದೆ. ಹಸು ಈಯುತ್ತಿರುವಾಗ ನಮ್ಮ ಮಾವ ತೆಗೆದು ಸ್ಟೇಟಸ್ ಹಾಕಿದ್ದ ಫೋಟೋ. ಹೆಣ್ಣು ಕರು.’

ಎರಡು ಸಲ ಓದಿದೆ. ‘ಲಾಭ ಏನೂ ಇಲ್ಲ’ ಎಂಬ ಆ ಮಾತು ಚುಚ್ಚಿದಷ್ಟು ಬೇರೆ ಯಾವುದೂ ಚುಚ್ಚಲಿಲ್ಲ. ಲಾಭಕ್ಕಾಗಿ ಮಾಡಿದ್ದರೆ ದುಷ್ಟಳು ಎನ್ನಿಸಿಕೊಳ್ಳಬಹುದಿತ್ತು, ಅದಕ್ಕೊಂದು ಮರ್ಯಾದೆಯಾದರೂ ಇದೆ. ಫೋಟೋ ಮತ್ತೆ ತೆಗೆದು ನೋಡಿದೆ. ಮೂರರಲ್ಲೂ ನೀಲಿ ಬಿಂದಿಗೆ. ಹಸುವಿನ ಬಾಲ ಒಂದು ಪಕ್ಕಕ್ಕೆ ಸೆಟೆದು ನಿಂತಿತ್ತು. ಹಸು ಕಟ್ಟಿದ ಮನೆಯ ಮಗುವಿಗೆ ಅದು ಹೆರಿಗೆ. ಪ್ಯಾಕೆಟ್ಟು, ಕ್ಯಾನುಗಳಲ್ಲೇ ಹಾಲು ಕಂಡ ನನಗೆ ಸಾವು. ಎತ್ತು ಈಯಿತೆಂದು ನಂಬಿದವರನ್ನು ನೋಡಿ ನಕ್ಕಿದ್ದೆನಲ್ಲ, ಹಸು ಈಯುತ್ತಿದ್ದರೆ ಸತ್ತಿತು ಅಂದವಳು ನಾನು.

ಸ್ಕೂಲು ಬಿಟ್ಟ ಮೇಲೆ ನಾಗವೇಣಿಯ ಜೊತೆಗೇ ಬಸ್ಸು ಹತ್ತಿದೆ. ಅವಳು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದಳು. ಬಸ್ಸಿಳಿದು ರಾಗಿ ಹೊಲಗಳ ನಡುವೆ ಸ್ವಲ್ಪ ನಡೆದರೆ ಅವರ ಮನೆ. ಹಿಂದೆ ತಿರುಗಿ ನೋಡಿದೆ: ಫೋಟೋದಲ್ಲಿ ಹಸುವಿನ ಬೆನ್ನಿಗೇ ಆತುಕೊಂಡಂತಿದ್ದ ಗುಡ್ಡ ಎರಡು ಮೈಲಿ ಆಚೆ, ಎರಡು ಕೆರೆ ದಾಟಿ ನಿಂತಿತ್ತು. ಕೊಟ್ಟಿಗೆಯ ಮುಂದೆ ಆ ಕಪ್ಪು ಬಿಳುಪು ಹಸು ನನ್ನನ್ನು ನೋಡಿಕೊಂಡೇ ಮೆಲುಕು ಹಾಕುತ್ತಿತ್ತು. ಇಪ್ಪತ್ತು ದಿನದ ಕರು ನನ್ನ ಸೆರಗು ಚೀಪಲು ಬಂತು.

ಹೇಳಬೇಕಾದ್ದನ್ನು ಹೇಳಿಬಿಟ್ಟೆ. “ಮುನಿಯಮ್ಮ, ಆ ಮೆಸೇಜು ಬೀದಿಗೆ ಕಳಿಸಿದ್ದು ನಾನೇ.”

ಅವಳು ಹುಲ್ಲು ಹಾಕುತ್ತಿದ್ದ ಕೈ ನಿಲ್ಲಿಸಲಿಲ್ಲ. “ಗೊತ್ತಾಯ್ತು ಬುಡಿ. ಮಗ ಯೋಳ್ತು” ಅಂದಳು. ಇಲ್ಲಿ ಹೆಣ್ಣುಮಗಳನ್ನೂ ಮಗ ಅನ್ನುತ್ತಾರೆ. “ನಿಮ್ಮನ್ನ ಅಂದೇನು ಬಂತಮ್ಮ. ಆದ್ರೆ ಓದಿರೋರು ನೀವು. ಬಂದು ನೋಡಕ್ಕೆ ಬಸ್ಸಿತ್ತಲ್ಲ?”

ಬಸ್ಸಿತ್ತು. ಗಂಟೆಗೊಂದು ಇತ್ತು. ಅಷ್ಟು ದೊಡ್ಡ ತರಬೇತಿಯಲ್ಲಿ ಈ ಪ್ರಶ್ನೆ ಯಾರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಕತ್ತಲಾಗುವ ಮುಂಚೆ ವಾಪಸು ಬಂದು, ಅದೇ ಗುಂಪಿಗೆ ಉದ್ದದ ಕ್ಷಮೆಯ ಮೆಸೇಜು ಬರೆದೆ. ಮೂರು ಭಾಷೆಯಲ್ಲೂ ಬರೆದೆ. ತಮಿಳಿಗೆ ಟೈಲರಮ್ಮನ ಸಹಾಯ. ಬದುಕಿರುವ ಹಸುವಿನ ಫೋಟೋ ಹಾಕಿದೆ. ಹದಿನೇಳು ಜನ ಹೆಬ್ಬೆಟ್ಟು ತೋರಿಸಿದರು, ಇಬ್ಬರು ಕೈ ಮುಗಿದರು. ಒಬ್ಬರೂ ಇನ್ನೊಬ್ಬರಿಗೆ ಕಳಿಸಲಿಲ್ಲ. ಸತ್ತ ಹಸುವಿಗೆ ಸಂಜೆಯೊಳಗೆ ಮೂರು ಭಾಷೆ ಬಂದಿತ್ತು. ಬದುಕಿದ ಹಸು ಯಾರಿಗೂ ಬೇಡವಾಯಿತು. ಪ್ರತಿ ಐದು ನಿಮಿಷಕ್ಕೆ ಫೋನು ತೆಗೆದು ನೋಡಿದೆ. ಶುಕ್ರವಾರಕ್ಕೆ ಉಳಿದದ್ದು ಎರಡೇ ದಿನ.

ಬುಧವಾರ ಬೆಳಿಗ್ಗೆ ಮುನಿಯಮ್ಮ ಬಂದಾಗ ಅವಳ ಜೊತೆ ನಾನೂ ಹೊರಟೆ, ಕೈಯಲ್ಲೊಂದು ಲೋಟ ಹಿಡಿದು. ಮನೆ ಮನೆ ಮುಂದೆ ನಿಂತು, ನಾನೇ ಹೇಳಿದ್ದು ಸುಳ್ಳು, ನಾನೇ ಹೋಗಿ ನೋಡಿ ಬಂದೆ ಎಂದು ಹೇಳಿ, ಅವರ ಎದುರಿಗೇ ಒಂದು ಗುಟುಕು ಹಸಿ ಹಾಲು ಕುಡಿದೆ. ನನಗೆ ಚಿಕ್ಕಂದಿನಿಂದ ಹಾಲೆಂದರೆ ಆಗದು. ಐದನೇ ಮನೆಯ ಹೊತ್ತಿಗೆ ಹೊಟ್ಟೆ ಗುಡುಗಿತು. ಜನ ಹಾಲು ತೆಗೆದುಕೊಂಡರೇ? “ಆಯ್ತು ಮೇಡಂ, ನಾಳೆಯಿಂದ ನೋಡೋಣ” ಅಂದರು. ನನ್ನ ಮೇಲಿನ ಗೌರವಕ್ಕೆ ನಕ್ಕರು, ಪಾತ್ರೆ ಮಾತ್ರ ತರಲಿಲ್ಲ.

ಎಂಟನೆಯದು ಸೆಲ್ವಿಯಕ್ಕನ ಮನೆ. ಗಣಿಯಲ್ಲಿ ಕೆಲಸ ಮಾಡಿ ತೀರಿಕೊಂಡವರ ಹೆಂಡತಿ, ಎಪ್ಪತ್ತು ದಾಟಿದೆ. ಅವರ ಹತ್ತಿರ ಫೋನಿಲ್ಲ. ಸೊಸೆ ಓದಿ ಹೇಳಿದ್ದಕ್ಕೆ ಹಾಲು ನಿಲ್ಲಿಸಿದ್ದರು. ನನ್ನ ಭಾಷಣವನ್ನೆಲ್ಲ ಸೊಂಟದ ಮೇಲೆ ಕೈಯಿಟ್ಟು ಕೇಳಿದರು.

“ಅನ್ನಿಕ್ಕಿ ಶನಿವಾರ ಹಸು ಸತ್ತೋಯ್ತು ಅಂದಿದ್ದು ನೀನೇ. ಇವತ್ತು ಬದುಕೈತೆ ಅನ್ನೋದೂ ನೀನೇ. ಯಾವುದನ್ನ ನಂಬಲಿ?”

“ಇವತ್ತಿಂದು ನಂಬಿ ಅಕ್ಕ. ನಾನೇ ನೋಡಿಬಂದೆ.”

“ನಿನ್ನ ಕಣ್ಣು ನಿಂಗೆ. ಎನಕ್ಕು ಕಣ್ಣಿಲ್ಲವಾ?” ಅಂದವರೇ ಒಳಗೆ ಹೋಗಿ ಚಪ್ಪಲಿ ಮೆಟ್ಟಿ, ಹಾಲು ತರುವ ಹಿಡಿಕೆಯ ಒಂದು ಸ್ಟೀಲು ತೂಕು ಹಿಡಿದು ಬಂದರು. “ನಡಿ ಮುನಿಯಮ್ಮ. ನಾ ಪಾರ್ತೇನ್, ಕಣ್ಣಾರೆ ನೋಡ್ದೆ ಅಂದ್ಮೇಲೆ ಉಳಿದಿದ್ದು ಮಾತು.”

ನನಗೆ ಮೊದಲು ಅವಮಾನವೇ ಆಯಿತು. ಇಷ್ಟು ವರ್ಷದ ಮೇಡಂತನಕ್ಕೆ ಒಂದು ತೂಕು ಹಾಲಿನ ಬೆಲೆ ಇಲ್ಲವೇ? ಆಮೇಲೆ, ಅವರ ಬೆನ್ನು ತಿರುವಿನಲ್ಲಿ ಮರೆಯಾಗುವ ಹೊತ್ತಿಗೆ, ನಾನು ಬೋರ್ಡಿನ ಮೇಲೆ ಬರೆದು ಕೋಲಲ್ಲಿ ತೋರಿಸಿದ್ದನ್ನು ಈ ಊರಿನಲ್ಲಿ ಸರಿಯಾಗಿ ಮಾಡಿದವರು ಇವರೊಬ್ಬರೇ ಅನ್ನಿಸಿ ನಗು ಬಂತು. ಅವರ ಹಿಂದೆ ಪಕ್ಕದ ಮನೆಯ ಇಬ್ಬರು ಹೆಂಗಸರೂ ಹೊರಟರು. ಮೂವರನ್ನು ಕಂಡು ಹಸು ಬೆದರಿ ಸೊರೆ ಬಿಡದೆ, ಒಂದು ಹನಿ ಹಾಲೂ ಇಳಿಸಲಿಲ್ಲವಂತೆ. ತೂಕು ಖಾಲಿಯೇ ಬಂತು. ಆದರೆ ಸೆಲ್ವಿಯಕ್ಕ ಬಸ್ಸಿಳಿದು ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯುವಷ್ಟರಲ್ಲಿ, ಕರು ಅವರ ಕೈ ನೆಕ್ಕಿದ್ದು, ಗುಡ್ಡ ಎಷ್ಟು ದೂರವಿದೆ ಎಂಬುದು, ಮೇಡಂಗೆ ಬುದ್ಧಿ ಕಡಿಮೆ ಎಂಬುದು, ಮೂರೂ ವಿಷಯ ಮೂರೂ ಭಾಷೆಯಲ್ಲಿ ಎಲ್ಲರಿಗೂ ತಿಳಿಯಿತು.

ಗುರುವಾರ ತರಗತಿಯಲ್ಲಿ ನಾಗವೇಣಿಯ ಪುಟವನ್ನು ನಾನೇ ಗಟ್ಟಿಯಾಗಿ ಓದಿದೆ, ನನ್ನ ಹೆಸರಿರುವ ಸಾಲನ್ನೂ ಬಿಡದೆ. ಅವಳ ಮಾತನ್ನು ತಳ್ಳಿಹಾಕಿದ್ದು ನನ್ನ ತಪ್ಪು ಎಂದೆ. ಹಿಂದಿನ ಬೆಂಚು ನಗಲಿಲ್ಲ. ಬೋರ್ಡಿನ ಮೇಲೆ ಐದನೇ ಪ್ರಶ್ನೆ ಬರೆಯಲು ಅವಳನ್ನೇ ಕರೆದೆ. ‘ಹೋಗಿ ನೋಡಲು ಬಸ್ಸು ಇದೆಯಾ?’ ಎಂದು ಬರೆದು, ಸೀಮೆಸುಣ್ಣ ಇಟ್ಟು, ಹೋಗಿ ಕೂತಳು.

ಶುಕ್ರವಾರ ಹಸು ಸಂತೆಗೆ ಹೋಗಲಿಲ್ಲ. ಹದಿಮೂರು ಮನೆಗೆ ಹಾಲು ಹಾಕಿ ಮುನಿಯಮ್ಮ ಕಡೆಗೆ ನನ್ನ ಬಾಗಿಲಿಗೆ ಬಂದಳು. ಕ್ಯಾನು ಕೆಳಗಿಟ್ಟಳು, ಆದರೆ ಮುಚ್ಚಳ ತೆಗೆಯಲಿಲ್ಲ. ದಣಿದ ಮುಖದಲ್ಲೂ ತುಟಿಯಂಚಿನಲ್ಲಿ ನಗುವಿತ್ತು.

“ಅಮ್ಮ, ಇವತ್ತು ಫೋನಾಗೆ ಏನಾದ್ರೂ ಬಂದೈತಾ?”

“ಇನ್ನೂ ನೋಡಿಲ್ಲ ಮುನಿಯಮ್ಮ.”

“ಅಂಗಾದ್ರೆ ಬಿರ್ನೆ ಪಾತ್ರೆ ತನ್ನಿ” ಅಂದಳು. “ಅದು ಬರೋಕ್ ಮುಂಚೇನೇ ಆಕ್ಬುಟ್ಟು ಓಯ್ತೀನಿ.”

ನಾನು ಅಡುಗೆಮನೆಗೆ ಓಡಿದೆ.